ಆಯುಧಾನುಕೃತಿಯ ವಿಚಾರ

ಮನುಷ್ಯನು ತನ್ನ ಕೈಯಿಂದ ನಿರ್ಮಿಸಿಕೊಂಡ ವಸ್ತುಗಳಲ್ಲಿ ಬಹುಪಾಲು ಕಾಲಾಂತರದಲ್ಲಿ ಹಳತಾಗಿ, ಉಪಯೋಗ ತಪ್ಪಿ, ಮೂಲೆ ಸೇರುವುವು. ಬೀಸುವ ಕಲ್ಲು, ಏತ, ಪಲ್ಲಕ್ಕಿ, ಓಲೆಗರಿಯ ಕಂಟ ಇವುಗಳನ್ನು ಈಗ ಯಾರಾದರೂ ಹೊಸದಾಗಿ ಮಾಡಿಸಿದರೆ, ಅದು ಹಿಂದಿನವರ ಬಾಳಿನಲ್ಲಿ ಅವರಿಗಿರುವ ಪ್ರೀತಿಯೆಂದು ತಿಳಿದು ನಾವು ಸಂತೋಷಪಡುವೆವು. ಅಲ್ಲಿ ಧರ್ಮಾಧರ್ಮಗಳ ಜಿಜ್ಞಾಸೆಗೆ ಎಡೆಯಿಲ್ಲ. ಆದರೆ ಬಳಕೆ ತಪ್ಪಿದ ಆಯುಧವೊಂದನ್ನು ಅದೇ ಅಚ್ಚಿನಲ್ಲಿ ಮತ್ತೆ ಮಾಡಿಸಿ, ತನ್ನ ಕೈಗೆ ಹೊಂದುವಂತೆ ತಿದ್ದಿ, ಸಿಂಗರಿಸಿ, ಮನೆಯಲ್ಲಿ ಇಟ್ಟುಕೊಳ್ಳುವುದು ಇದೇ ಬಗೆಯ ಪ್ರೀತಿಯೆ, ಬೇರೆಯೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಪ್ರಶ್ನೆ ಕೇವಲ ಕಲ್ಪಿತವಾದುದಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರ ಈ ಕಡೆಗಳಲ್ಲಿ ಮಗನೋ ಮೊಮ್ಮಗನೋ ಅಮೆರಿಕೆಯಲ್ಲಿ ನೆಲಸಿರುವ ಮನೆಗಳು ಇಂದು ಅನೇಕವಾಗಿರುವುವು. ಆ ದೇಶದಲ್ಲಿ ಕಳೆದ ಶತಮಾನಕ್ಕೂ ಹಿಂದಿನ ಮಾದರಿಯ ಸುತ್ತುವ ಕೈಬಂದೂಕನ್ನು, ಎಂದರೆ ರಿವಾಲ್ವರನ್ನು, ಹೊಸದಾಗಿ ಕೊಂಡು ತಮ್ಮ ರುಚಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಒಂದು ವಿನೋದವಾಗಿದೆ. ಈ ವಿನೋದವು ನಮ್ಮ ಹುಡುಗರನ್ನೂ ಸೆಳೆಯಬಹುದು. ಅದರ ಚಿತ್ರವನ್ನು ಕಂಡ ಹಿರಿಯರು, ಇದನ್ನು ಆಟಿಕೆಯೆಂದು ನಗಬೇಕೋ ಆಯುಧವೆಂದು ಅಂಜಬೇಕೋ ತಿಳಿಯದೆ ಸುಮ್ಮನಾಗುವರು. ಸುಮ್ಮನಾಗುವುದಕ್ಕಿಂತ ವಿಚಾರಮಾಡುವುದು ಮೇಲು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಎಂಬಾತನು 1836ರಲ್ಲಿ ತನ್ನ ದೇಶದಲ್ಲಿ ಹಕ್ಕುಪತ್ರ ಪಡೆದ ಯಂತ್ರವಿದು. ಒಂದೇ ನಳಿಗೆ, ಅದರ ಹಿಂದೆ ಸಾಮಾನ್ಯವಾಗಿ ಆರು ಗೂಡುಗಳುಳ್ಳ ಒಂದು ಉರುಳೆ. ಕುದುರೆಯನ್ನು ಹಿಂದಕ್ಕೆ ಎತ್ತಿದಾಗಲೆಲ್ಲ ಉರುಳೆ ಒಂದು ಗೂಡಿನಷ್ಟು ತಿರುಗಿ ನಳಿಗೆಗೆ ಎದುರಾಗಿ ನಿಲ್ಲುವುದು. ಇಂದಿನ ತೋಟೆ ಇದಕ್ಕಿಲ್ಲ. ಪ್ರತಿಯೊಂದು ಗೂಡಿಗೂ ಅಳತೆಮಾಡಿ ಕರಿಯ ಮದ್ದನ್ನು ಸುರಿದು, ಗೂಡಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಾದ ಸೀಸದ ಗುಂಡನ್ನಿಟ್ಟು, ನಳಿಗೆಯ ಕೆಳಗಿರುವ ಸನ್ನೆಗೋಲಿನಿಂದ ಒತ್ತಿ ಕೂರಿಸಿ, ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೆ ಹಾರದಂತೆ ಮೇಲೆ ಜಿಡ್ಡನ್ನು ಬಳಿದು, ಕೊನೆಗೆ ಹಿಂಭಾಗದ ಮೊಲೆಗಳಿಗೆ ಒಂದೊಂದು ಕೇಪನ್ನು ತೊಡಿಸಬೇಕು. ಆ ಮದ್ದೋ ನಮ್ಮವರಿಗೆ ಚಿರಪರಿಚಿತವಾದುದೇ: ನೂರರಲ್ಲಿ ಸುಮಾರು ಎಪ್ಪತ್ತೈದು ಪಾಲು ಪೆಟ್ಲುಪ್ಪು, ಹದಿನೈದು ಪಾಲು ಇದ್ದಿಲು, ಹತ್ತು ಪಾಲು ಗಂಧಕ. ಇದು ಉರಿದ ಮೇಲೆ ಉಳಿಯುವ ಮಸಿಯು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವುದಾದ್ದರಿಂದ, ಈಡು ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಹಚ್ಚಬೇಕು. ಮಲೆನಾಡಿನ ಹಳೆಯ ಕೇಪಿನ ಕೋವಿಯನ್ನು ಬಲ್ಲವರಿಗೆ ಈ ಸಂಸಾರ ಹೊಸದಲ್ಲ.

1861ರಿಂದ 1865ರ ವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಲ್ಲಿ ಈ ಬಗೆಯ ಆಯುಧಗಳು ಅಪಾರವಾಗಿ ಬಳಕೆಯಾದುವು. ತೋಟೆಯ ಬಂದೂಕು ಬಂದಮೇಲೆ ಇವು ಮೂಲೆ ಸೇರಿದುವು. ಆ ಯುದ್ಧದ ಶತಮಾನೋತ್ಸವವು ಸಮೀಪಿಸಿದಾಗ ಹಳೆಯ ಮಾದರಿಗಳಲ್ಲಿ ಜನರಿಗೆ ಆಸೆ ಮರಳಿತು; ಇಟಲಿ ದೇಶದ ಬ್ರೆಶ್ಯ ಪ್ರಾಂತದ ಕಣಿವೆಯಲ್ಲಿ, ಶತಮಾನಗಳಿಂದ ಬಂದೂಕನ್ನೇ ಕಸಬುಮಾಡಿಕೊಂಡಿದ್ದ ಊರುಗಳವರು, 1959ರ ಸುಮಾರಿನಿಂದ ಅವುಗಳನ್ನು ಮತ್ತೆ ಮಾಡಿ ಕಳುಹಿಸತೊಡಗಿದರು. ಇಂದು ಕೊಳ್ಳುವವನ ಮುಂದೆ ಆಯ್ಕೆಗಳು ಹಲವು. ಕೋಲ್ಟನ 1851ರ ನೌಕಾಮಾದರಿ ಕೈಗೆ ಹಗುರ, ನೋಟಕ್ಕೆ ಚೆಲುವು. ಅದರ ಉರುಳೆಯ ಮೇಲೆ 1843ರ ಒಂದು ಸಮುದ್ರಯುದ್ಧದ ಚಿತ್ರ ಕೆತ್ತಿರುವುದು. 1860ರ ಸೇನಾಮಾದರಿಯ ಗುಂಡು ಅದಕ್ಕಿಂತ ದೊಡ್ಡದು. ಇವೆರಡರಲ್ಲಿಯೂ ಉರುಳೆಯ ಮೇಲ್ಭಾಗ ತೆರೆದಿರುವುದು. ರೆಮಿಂಗ್ಟನ್ನರ ಮಾದರಿಯಲ್ಲಾದರೋ ಮೇಲೆ ಉಕ್ಕಿನ ಪಟ್ಟಿ ಹಾದು ಚೌಕಟ್ಟು ಪೂರ್ಣವಾಗಿರುವುದರಿಂದ ಅದು ಹೆಚ್ಚು ಗಟ್ಟಿ. ಹಿತ್ತಾಳೆಯ ಚೌಕಟ್ಟು ಹೊಳೆಯುವುದು, ಆದರೆ ಹೆಚ್ಚು ಮದ್ದಿನ ಪೆಟ್ಟಿಗೆ ಕ್ರಮೇಣ ಸಡಿಲವಾಗುವುದು; ಉಕ್ಕು ತಾಳುವುದು. ಕೊಂಡ ಮೇಲೆ ಮಾರ್ಪಾಟು. ಹಿಡಿಗೆ ಬೇರೆ ಮರ ಹಾಕಿಸುವರು. ಲೋಹದ ಮೇಲೆ ಬಳ್ಳಿಯನ್ನೋ ತಮ್ಮ ಹೆಸರನ್ನೋ ಕೆತ್ತಿಸುವರು. ಗುರಿ ನೋಡುವ ಮೊನೆಯನ್ನು ಅರದಿಂದ ಉಜ್ಜಿ ಸರಿಪಡಿಸುವರು. ಬೆರಳಿನಿಂದ ಎಳೆಯುವ ಕೀಲು ಬಿಗಿಯಾಗಿದ್ದರೆ ಅದನ್ನು ಹಗುರಮಾಡಿಸುವರು.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಅದು ಹೀಗೆ: ಇದು ಯುದ್ಧದ ಆಯುಧವಲ್ಲ, ಅದರ ಅನುಕೃತಿ. ಕೊಲ್ಲಬೇಕೆಂಬವನು ಆರು ಗುಂಡು ತುಂಬಲು ಇಷ್ಟು ಹೊತ್ತು ಹಿಡಿಯುವ ಯಂತ್ರವನ್ನು ಹುಡುಕಿಕೊಂಡು ಹೋಗುವುದಿಲ್ಲ. ಇದನ್ನು ಕೊಳ್ಳುವವನು ಶಿಲ್ಪದಲ್ಲಿ, ಚರಿತ್ರೆಯಲ್ಲಿ, ಕೈಚಳಕದಲ್ಲಿ ಆಸಕ್ತಿಯುಳ್ಳವನು. ರಂಗದ ಮೇಲೆ ರಾಮನ ವೇಷ ಹಾಕಿದವನು ಹಿಡಿಯುವ ಬಿಲ್ಲಿಗೂ ಇದಕ್ಕೂ ಏನು ಭೇದ?

ಈ ವಾದಕ್ಕೆ ಉತ್ತರ ನಮ್ಮ ಶಾಸ್ತ್ರಗಳಲ್ಲಿಯೇ ಸಿದ್ಧವಾಗಿದೆ. ನಾಟ್ಯವನ್ನು ವಿಚಾರಿಸಿದ ಶಂಕುಕನು ಚಿತ್ರತುರಗನ್ಯಾಯವೆಂಬುದನ್ನು ಹೇಳಿದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ನಾವು ಕುದುರೆಯೆನ್ನುವೆವು. ಆ ಅರಿವು ನಿಜವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಅನುಕೃತಿಯ ಸುಖವೆಲ್ಲ ಇಲ್ಲಿದೆ. ಆದರೆ ಚಿತ್ರದ ಕುದುರೆಯ ಮೇಲೆ ಯಾರೂ ಏರಿ ಹೋಗಲಾರರು, ಅದು ಯಾರನ್ನೂ ಒದೆಯಲಾರದು. ಮೀಮಾಂಸಕರು ಹೇಳುವ ಪ್ರತಿನಿಧಿಯೆಂಬುದು ಬೇರೆ. ಯಾಗಕ್ಕೆ ಸೋಮಲತೆ ದೊರೆಯದಿದ್ದರೆ ಪೂತೀಕವೆಂಬ ಬಳ್ಳಿಯನ್ನು ತರಬಹುದು; ಹಾಗೆ ಬಂದುದು ಸೋಮದ ಚಿತ್ರವಲ್ಲ, ಸೋಮದ ಸ್ಥಾನದಲ್ಲಿ ನಿಂತು ಸೋಮದ ಕಾರ್ಯವನ್ನು ನಡಸತಕ್ಕದ್ದು. ಪ್ರತಿಕೃತಿಯು ರೂಪವನ್ನು ಮಾತ್ರ ತರುವುದು. ಪ್ರತಿನಿಧಿಯು ಕಾರ್ಯವನ್ನು ತರುವುದು. ಈಗ ಮದ್ದು ತುಂಬಿ ಕೇಪು ತೊಡಿಸಿದ ಇಟಲಿಯ ರಿವಾಲ್ವರನ್ನು ಯಾವ ವರ್ಗಕ್ಕೆ ಸೇರಿಸಬೇಕು? ಅದರ ಕುದುರೆ ಚಿತ್ರದ ಕುದುರೆಯಲ್ಲ. ಅದು ಬಿದ್ದರೆ ಸೀಸದ ಗುಂಡು ಹಾರುವುದು, ತಗುಲಿದರೆ 1862ರಲ್ಲಿ ಸತ್ತಂತೆಯೇ ಇಂದಿನವನೂ ಸಾಯುವನು. ಅಚ್ಚು ಮಾತ್ರ ಹಳೆಯದು. ಹಳೆಯ ಅಚ್ಚಿನಿಂದ ಗಾಯ ಸಣ್ಣದಾಗುವುದಿಲ್ಲ.

ರಾಜಶಾಸನಗಳೂ ಈ ಭೇದದ ಸುತ್ತಲೇ ತೊಡರಿಕೊಂಡಿರುವುವು. ಅಮೆರಿಕದ ಒಕ್ಕೂಟಸರ್ಕಾರದ 1968ರ ಕಾನೂನು 1898ರಲ್ಲಿ ಅಥವಾ ಅದಕ್ಕೂ ಹಿಂದೆ ಮಾಡಿದ ಬಂದೂಕುಗಳನ್ನೂ, ಬಾಯಿಯಿಂದ ಮದ್ದು ತುಂಬುವ ಅವುಗಳ ಹೊಸ ಅನುಕೃತಿಗಳನ್ನೂ ಪ್ರಾಚೀನವಸ್ತುವೆಂದು ಎಣಿಸಿ ತನ್ನ ಕಟ್ಟುಪಾಡಿನಿಂದ ಬಹುಮಟ್ಟಿಗೆ ಬಿಟ್ಟಿದೆ. ಸಂಸ್ಥಾನಗಳ ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆ. ನಮ್ಮ ದೇಶದ 1959ರ ಆಯುಧಗಳ ಕಾನೂನಾದರೋ ಹಳೆಯ ಮಾದರಿಯ ಅಥವಾ ಪ್ರಾಚೀನಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುವಾಗ, ಅದು ದುರಸ್ತಿಮಾಡಿದರೂ ಬಂದೂಕಾಗಿ ಬಳಸಲು ಬಾರದಂತಿರಬೇಕೆಂದು ವಿಧಿಸುವುದು. ಆ ದೇಶದವರು ರೂಪವನ್ನು ನೋಡಿದರು, ನಮ್ಮವರು ಕಾರ್ಯವನ್ನು ನೋಡಿದರು. ಯಲಹಂಕದಲ್ಲಿ ಪರವಾನಗಿಯಿಲ್ಲದೆ ಇಡಬಾರದ ವಸ್ತುವನ್ನು ಅಲ್ಲಿ ಅನೇಕ ಸಂಸ್ಥಾನಗಳಲ್ಲಿ ಪುಸ್ತಕ ತರಿಸಿದಂತೆ ತರಿಸಬಹುದು. ಕಾನೂನು ಬಿಟ್ಟಿತೆಂದ ಮಾತ್ರಕ್ಕೆ ವಿಚಾರ ಮುಗಿಯಲಿಲ್ಲ. ಕಾನೂನಿನ ಕೈ ಹಿಂದೆ ಸರಿದ ಸ್ಥಳದಲ್ಲಿಯೇ ಮನುಷ್ಯನ ಸ್ವಂತ ವಿವೇಕಕ್ಕೆ ಕೆಲಸ ಮೊದಲಾಗುವುದು.

ಎರಡನೆಯ ಪೂರ್ವಪಕ್ಷವು ಇನ್ನೂ ಬಲವಾದುದು. ಆಯುಧವಾದರೇನು? ಅದು ಜಡ. ಒಳ್ಳೆಯವನ ಕೈಯಲ್ಲಿ ಒಳ್ಳೆಯದು, ಕೆಟ್ಟವನ ಕೈಯಲ್ಲಿ ಕೆಟ್ಟದ್ದು. ಹೀಗೆನ್ನುವವರು ಅರಣ್ಯಕಾಂಡದಲ್ಲಿ ಸೀತಾದೇವಿಯು ರಾಮನಿಗೆ ಹೇಳುವ ಕಥೆಯನ್ನು ನೆನೆಯಬೇಕು. ಒಬ್ಬ ತಪಸ್ವಿಯ ತಪಸ್ಸನ್ನು ಕೆಡಿಸಬೇಕೆಂದು ಇಂದ್ರನು ಯೋಧನ ವೇಷದಿಂದ ಬಂದು ಒಂದು ಖಡ್ಗವನ್ನು ಅವನಲ್ಲಿ ನ್ಯಾಸವಾಗಿ ಇಟ್ಟು ಹೋದನು. ತಪಸ್ವಿಯು ಸತ್ಯವಂತ, ನ್ಯಾಸವನ್ನು ಕಾಪಾಡಬೇಕೆಂದು ಅದನ್ನು ಬಿಡದೆ, ಹಣ್ಣು ಗೆಡ್ಡೆಗಳಿಗೆ ಹೋಗುವಾಗಲೂ ಜೊತೆಯಲ್ಲಿ ಒಯ್ದನು. ದಿನದಿನಕ್ಕೆ ಅವನ ಮನಸ್ಸು ಕ್ರೌರ್ಯದ ಕಡೆಗೆ ತಿರುಗಿತು. ಕೊನೆಗೆ ತಪಸ್ಸೂ ಹೋಯಿತು, ಸದ್ಗತಿಯೂ ಹೋಯಿತು. ಗಮನಿಸಬೇಕಾದುದೇನೆಂದರೆ, ಅವನಲ್ಲಿ ಮೊದಲು ಯಾವ ದುರ್ಬುದ್ಧಿಯೂ ಇರಲಿಲ್ಲ. ಇಂದ್ರನು ಅವನಿಗೆ ಒಂದು ಕೆಟ್ಟ ಮಾತನ್ನೂ ಹೇಳಿಕೊಡಲಿಲ್ಲ. ಸಾಹಚರ್ಯವೊಂದೇ ಸಾಕಾಯಿತು. ಸೀತೆಯು ಈ ಕಥೆಯನ್ನು ಹೇಳಿದುದು, ವೈರವಿಲ್ಲದೆ ಹಿಂಸೆಯಲ್ಲಿ ತೊಡಗುವುದು ಬೇಡವೆಂದು ಗಂಡನನ್ನು ಎಚ್ಚರಿಸುವುದಕ್ಕಾಗಿ.

ರಾಮನು ಆ ಮಾತನ್ನು ತಳ್ಳಿಹಾಕಲಿಲ್ಲ. ಸ್ನೇಹದಿಂದ ಆಡಿದೆಯೆಂದು ಮೆಚ್ಚಿಕೊಂಡನು. ಆದರೂ ಬಿಲ್ಲನ್ನು ಇಳಿಸಲಿಲ್ಲ. ಕ್ಷತ್ರಿಯರು ಬಿಲ್ಲು ಹಿಡಿಯುವುದು ಲೋಕದಲ್ಲಿ ಆರ್ತರ ಕೂಗು ಕೇಳದಿರಲೆಂದು. ದಂಡಕಾರಣ್ಯದ ಋಷಿಗಳು ಮೊರೆಯಿಟ್ಟಿರುವರು, ತಾನು ಮಾತು ಕೊಟ್ಟಿರುವೆನು ಎಂದನು. ಸೀತೆಯ ಪಕ್ಷ, ರಾಮನ ಪಕ್ಷ ಎರಡೂ ಸತ್ಯವೆಂದು ನಮಗೆ ತೋರುವುದು. ಆಯುಧವು ಹಿಡಿದವನ ಮನಸ್ಸನ್ನು ಮಾರ್ಪಡಿಸುವುದೆಂಬುದು ಸೀತೆಯ ಸತ್ಯ. ಆ ಮಾರ್ಪಾಟನ್ನು ತಡೆಯತಕ್ಕುದು ಕೊಟ್ಟ ಮಾತು, ಹೊತ್ತ ಹೊಣೆ ಎಂಬುದು ರಾಮನ ಸತ್ಯ. ತಪಸ್ವಿಯ ಖಡ್ಗಕ್ಕೂ ರಾಮನ ಬಿಲ್ಲಿಗೂ ಇದ್ದ ಅಂತರ ಇದೇ: ಒಂದಕ್ಕೆ ಕಾಪಾಡಬೇಕಾದ ಜನ ಯಾರೂ ಇರಲಿಲ್ಲ.

ಕನ್ನಡನಾಡಿನ ಚರಿತ್ರೆಯಲ್ಲಿಯೂ ಹೊಣೆಗೆ ಕಟ್ಟುಬಿದ್ದ ಆಯುಧದ ದೃಷ್ಟಾಂತಗಳುಂಟು. 1857ರಲ್ಲಿ ಕಂಪನಿ ಸರ್ಕಾರವು ನಿಶ್ಶಸ್ತ್ರೀಕರಣದ ಶಾಸನವನ್ನು ಹೊರಡಿಸಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸೆವೆಂದು ನಿಂತರು. ಊರು ಉರಿಯಿತು, ಅನೇಕರು ಸತ್ತರು, ಹಲವರು ಗಲ್ಲಿಗೇರಿದರು. ಅವರಿಗೆ ಆಯುಧವು ಬೇಟೆಯ ಅನ್ನವೂ ಕುಲದ ಮಾನವೂ ಆಗಿದ್ದಿತು. ಅತ್ತ ಕೊಡಗಿನವರಿಗೆ 1861ರಲ್ಲಿ, ಮಾರ್ಕ್ ಕಬ್ಬನ್ನನು ಕಮಿಷನರಾಗಿದ್ದಾಗ, ಅದೇ ಶಾಸನದಿಂದ ವಿನಾಯಿತಿ ದೊರೆಯಿತು. ಆ ವಿನಾಯಿತಿ ರೂಪಾಂತರಗಳಿಂದ ಇಂದಿಗೂ ನಡೆದುಬಂದಿದೆ. ಕೇಂದ್ರಸರ್ಕಾರವು 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು, ಕರ್ನಾಟಕದ ಉಚ್ಚನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಕೊಡವರ ಮನೆಯಲ್ಲಿ ಕೋವಿಯು ಒಬ್ಬನ ಅಲಂಕಾರವಲ್ಲ, ಒಕ್ಕದ ಸ್ವತ್ತು. ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದಿನಲ್ಲಿ ಅದನ್ನು ದೇವರ ಮುಂದಿಟ್ಟು, ನಾವು ಗೌರಿಹೂವೆನ್ನುವ ಕೋವಿಹೂವನ್ನು ಮುಡಿಸಿ, ಪೂಜೆಯಾದಮೇಲೆಯೇ ತೆಂಗಿನಕಾಯಿಗೆ ಗುರಿಯಿಡುವರು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಅದರ ಸದ್ದಾಗುವುದು. ಎಳೆಯನು ಕೋವಿಯನ್ನು ಮುಟ್ಟುವ ಮೊದಲು ಅದರ ಮುಂದೆ ಕೈಮುಗಿಯುವುದನ್ನು ಕಲಿಯುವನು.

ಈಗ ಅಂಚೆಯಲ್ಲಿ ಬಂದಿಳಿದ ಅನುಕೃತಿಯನ್ನು ನೋಡಿರಿ. ಅದಕ್ಕೆ ರೂಪವಿದೆ, ಶಕ್ತಿಯಿದೆ; ಒಕ್ಕವಿಲ್ಲ, ಹಬ್ಬವಿಲ್ಲ, ಮೊರೆಯಿಟ್ಟ ಋಷಿಗಳಿಲ್ಲ. ಕೆತ್ತಿದ ಬಳ್ಳಿಯೊಡನೆ, ಹೊಳೆಯುವ ಹಿತ್ತಾಳೆಯೊಡನೆ ಬಂದ ಅದು ಹೊಣೆಯನ್ನು ಮಾತ್ರ ಹಿಂದೆಯೇ ಬಿಟ್ಟು ಬಂದಿರುವುದು. ಆದುದರಿಂದ ಕೊಳ್ಳುವವನು ಮಾಡಬೇಕಾದ ಮೊದಲನೆಯ ಮಾರ್ಪಾಟು ಆಯುಧದಲ್ಲಲ್ಲ. ಅದನ್ನು ಇಡುವ ಬೀಗದ ಪೆಟ್ಟಿಗೆ, ಮನೆಯ ಮಕ್ಕಳ ವಿಷಯದಲ್ಲಿ ಎಚ್ಚರಿಕೆ, ಹಿರಿಯನೊಬ್ಬನ ಕೈಕೆಳಗೆ ಅಭ್ಯಾಸ, ನಿಯತವಾದ ಗುರಿಮೈದಾನವನ್ನು ಬಿಟ್ಟು ಬೇರೆಡೆ ಮದ್ದು ತುಂಬೆನೆಂಬ ಸಂಕಲ್ಪ, ಇವುಗಳನ್ನು ಅವನು ತಾನೇ ಹೊಸದಾಗಿ ಕಟ್ಟಿಕೊಳ್ಳಬೇಕು. ಕುಲಾಚಾರವು ಒಬ್ಬನಿಗೆ ಹುಟ್ಟಿನಿಂದ ಕೊಡುವುದನ್ನು ಇವನು ಪ್ರಯತ್ನದಿಂದ ಸಂಪಾದಿಸಬೇಕು.

ಇನ್ನು ಆಯುಧದಲ್ಲಿ ಮಾಡತಕ್ಕ ಮಾರ್ಪಾಟುಗಳು. ಇವುಗಳೆಲ್ಲ ಒಂದೇ ತೂಕದವುಗಳಲ್ಲ. ಹಿಡಿಗೆ ಬೀಟೆಯ ಮರವನ್ನು ಹಾಕಿಸುವುದು ನಿರುಪದ್ರವ. ಗುರಿಯ ಮೊನೆಯನ್ನು ಸರಿಪಡಿಸುವುದು ಶ್ಲಾಘ್ಯವೇ. ಗುಂಡು ಇಟ್ಟಲ್ಲಿಗೆ ಹೋಗುವಂತೆ ಮಾಡುವುದು ಹೊಣೆಗಾರನ ಲಕ್ಷಣ. ಆದರೆ ಹೆಸರನ್ನು ಕೆತ್ತಿಸುವ ಮೊದಲು ಒಂದು ಗಳಿಗೆ ನಿಲ್ಲಬೇಕು. ಟಿಪ್ಪುಸುಲ್ತಾನನ ಬಂದೂಕು ಪಿಸ್ತೂಲುಗಳ ಮೇಲೆ ಹುಲಿಯ ಮುಖವೂ ಪಟ್ಟೆಯೂ ಇರುವುದನ್ನು ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಅದು ರಾಜ್ಯದ ಮುದ್ರೆ. ಗೃಹಸ್ಥನ ಹೆಸರು ಆಯುಧದ ಮೇಲೆ ಏರಿದಾಗ, ಆಯುಧ ಅವನದಾಗುವುದೋ ಅವನು ಆಯುಧದವನಾಗುವನೋ ಹೇಳುವುದು ಕಷ್ಟ. ಕರ್ಣಪರ್ವದಲ್ಲಿ ಗಾಂಡೀವವನ್ನು ಬೇರೆಯವರಿಗೆ ಕೊಡೆಂದು ಧರ್ಮರಾಯನು ಬೇಸರದಿಂದ ಆಡಿದ ಮಾತಿಗೆ, ಹಾಗೆಂದವನನ್ನು ಕೊಲ್ಲುವೆನೆಂದು ವ್ರತ ತೊಟ್ಟಿದ್ದ ಅರ್ಜುನನು ಅಣ್ಣನ ಮೇಲೆಯೇ ಕತ್ತಿಯನ್ನೆತ್ತಿದನಷ್ಟೆ. ಕೃಷ್ಣನು ಪಕ್ಕದಲ್ಲಿರದಿದ್ದರೆ ಭಾರತದ ಕಥೆ ಅಲ್ಲಿಗೇ ಮುಗಿಯುತ್ತಿದ್ದಿತು.

ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದುದು ಕೀಲನ್ನು ಹಗುರಮಾಡಿಸುವ ವಿಷಯ. ಗುರಿಕಾರರು ಹೇಳುವ ಕಾರಣ ಸುಳ್ಳಲ್ಲ: ಕೀಲು ಬಿಗಿಯಾಗಿದ್ದರೆ ಎಳೆಯುವಾಗ ಕೈ ಅಲುಗಿ ಗುರಿ ತಪ್ಪುವುದು. ಆದರೆ ಕೀಲು ಹಗುರವಾದಷ್ಟೂ ಸಂಕಲ್ಪಕ್ಕೂ ಕ್ರಿಯೆಗೂ ನಡುವಣ ಅವಕಾಶ ಕಿರಿದಾಗುವುದು. ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಚಿರಕಾರಿಯ ಕಥೆಯನ್ನು ಹೇಳುವನು. ಗೌತಮನು ಕೋಪದಲ್ಲಿ, ತಾಯಿಯನ್ನು ಕೊಲ್ಲೆಂದು ಮಗನಿಗೆ ಅಪ್ಪಣೆಮಾಡಿ ಕಾಡಿಗೆ ಹೋದನು. ಆ ಮಗನು ಯಾವ ಕೆಲಸವನ್ನೂ ಬಹುಕಾಲ ಯೋಚಿಸಿ ಮಾಡುವವನು. ಜನರು ಅವನನ್ನು ಮಂದನೆಂದು ಹಳಿಯುತ್ತಿದ್ದರು. ತಂದೆಯ ಆಜ್ಞೆ ದೊಡ್ಡದೋ ತಾಯಿಯ ಪ್ರಾಣ ದೊಡ್ಡದೋ ಎಂದು ಅವನು ಆಯುಧ ಹಿಡಿದು ಚಿಂತಿಸುತ್ತಲೇ ಇದ್ದನು. ಅಷ್ಟರಲ್ಲಿ ಪಶ್ಚಾತ್ತಾಪದಿಂದ ಬೆಂದ ತಂದೆ ಓಡಿಬಂದು ನೋಡಿದರೆ, ಹೆಂಡತಿ ಬದುಕಿರುವಳು, ಮಗನು ಆಯುಧವನ್ನು ಚೆಲ್ಲಿ ಕಾಲಿಗೆರಗುತ್ತಿರುವನು. ಒಂದು ಕುಟುಂಬವನ್ನು ಉಳಿಸಿದುದು ವಿಳಂಬ.

ಹಳೆಯ ಮದ್ದಿನ ಆಯುಧದಲ್ಲಿ ನಾವು ಮೆಚ್ಚತಕ್ಕ ಗುಣವೊಂದಿದ್ದರೆ ಅದು ಈ ವಿಳಂಬವೇ. ಅಳೆಯಬೇಕು, ಸುರಿಯಬೇಕು, ಒತ್ತಬೇಕು, ಬಳಿಯಬೇಕು, ತೊಡಿಸಬೇಕು. ಬಲ್ಲವರು ಆರು ಗೂಡುಗಳಲ್ಲಿ ಐದನ್ನೇ ತುಂಬಿ, ಕುದುರೆಯು ಬರಿದಾದ ಗೂಡಿನ ಮೇಲೆ ಒರಗಿರುವಂತೆ ಬಿಡುವರು. ಕೆಳಗೆ ಬಿದ್ದರೂ ಈಡು ಹಾರದಿರಲೆಂದು. ಆ ಬರಿಯ ಗೂಡು ನಮಗೆ ಬಹು ಅರ್ಥವತ್ತಾಗಿ ತೋರುವುದು. ಸಿಟ್ಟು ಬಂದ ಗಳಿಗೆಯಲ್ಲಿ ಖಾಲಿಯಿದ್ದ ಇಂಥ ಆಯುಧವನ್ನು ಸಿದ್ಧಪಡಿಸಬೇಕಾದರೆ, ಸಿಟ್ಟು ಇಳಿಯುವಷ್ಟು ಹೊತ್ತಾಗಬಹುದು. ಹೀಗಿರುವಲ್ಲಿ, ಈ ಉರುಳೆಯನ್ನೇ ತೆಗೆದು ತೋಟೆ ತುಂಬುವ ಉರುಳೆಯನ್ನು ಕೂರಿಸುವುದೂ, ಮೊದಲೇ ಮದ್ದು ತುಂಬಿ ದಿಂಬಿನ ಬಳಿ ಇಟ್ಟುಕೊಳ್ಳುವುದೂ, ಹಳೆಯದರಲ್ಲಿದ್ದ ಒಂದೇ ಪುಣ್ಯವನ್ನು ಕಳೆದುಕೊಂಡು ಪಾಪವನ್ನು ಮಾತ್ರ ಉಳಿಸಿಕೊಂಡಂತೆ.

ಕಡೆಯದಾಗಿ, ಹಿಂದಿನವರ ಸ್ಮರಣೆಗಾಗಿ ಎಂಬ ಮಾತನ್ನು ಪರೀಕ್ಷಿಸಬೇಕು. 2018ರಲ್ಲಿ ನಮ್ಮ ಹೆಬ್ಬಾಳದಲ್ಲಿ ಚರಂಡಿಗೆಂದು ತೋಡುತ್ತಿರುವಾಗ ಒಂದು ಕಲ್ಲು ದೊರೆಯಿತು. ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ವೀರಗಲ್ಲದು. ಈ ನಾಡಿನ ಮೇಲೆ ಏರಿಬಂದವರೊಡನೆ ಕಾದಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ. ಬೆಂಗಳೂರೆಂಬ ಹೆಸರು ಕೂಡ ಮೊದಲು ಕಾಣುವುದು ಸುಮಾರು 890ರ ಬೇಗೂರಿನ ಶಾಸನದಲ್ಲಿ, ಒಂದು ಕಾಳಗದ ಪ್ರಸಂಗದಿಂದಲೇ. ಮಿಥಿಕ್ ಸೊಸೈಟಿಯವರು 2021ರಿಂದ ಇಂಥ ಕಲ್ಲುಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿಯೂ ಅಳೆದು, ಅಕ್ಷರ ಸವೆದರೂ ರೂಪ ಉಳಿಯುವಂತೆ ಅವುಗಳ ಪ್ರತಿಯನ್ನು ಕಾಪಾಡುತ್ತಿರುವರು. ಇದೂ ಅನುಕೃತಿಯೇ.

ನಮ್ಮ ಪೂರ್ವಿಕರಿಗೆ ಕತ್ತಿಯನ್ನು ನೆನಪಿಗೆಂದು ಇಡುವುದು ತಿಳಿಯದೆ ಇರಲಿಲ್ಲ. ಆದರೂ ಅವರು ಕಲ್ಲಿನಲ್ಲಿ ಕಡೆಸಿದುದು ಮನುಷ್ಯನನ್ನು. ಕತ್ತಿ ಬಿಲ್ಲುಗಳು ಅವನ ಕೈಯಲ್ಲಿವೆ. ಯಾರಿಗಾಗಿ ಸತ್ತನು, ಯಾವ ಊರನ್ನು ಕಾದನು ಎಂಬುದನ್ನು ಬರೆಯಿಸಿದರು. ಆಯುಧವನ್ನು ಆ ಸಾವಿನಿಂದಲೂ ಆ ಊರಿನಿಂದಲೂ ಬಿಡಿಸಿ, ಒರಸಿ, ಹೊಳಪಿಟ್ಟು, ಬೇರೆಯಾಗಿ ಪ್ರೀತಿಸುವುದು ಸ್ಮರಣೆಯಂತೆ ಕಂಡರೂ ಸ್ಮರಣೆಯ ಅರ್ಧವನ್ನು ಮರೆತಂತೆಯೇ. ಅಂತರ್ಯುದ್ಧದ ರಿವಾಲ್ವರನ್ನು ಮೆಚ್ಚುವವನು, ಆ ಯುದ್ಧವು ಗುಲಾಮರ ಬಿಡುಗಡೆಯ ಪ್ರಶ್ನೆಯಿಂದ ಹುಟ್ಟಿತೆಂಬುದನ್ನೂ ಅದರಲ್ಲಿ ಲಕ್ಷಾಂತರ ಜನರು ಸತ್ತರೆಂಬುದನ್ನೂ ಓದಿ ತಿಳಿದಿರಬೇಕು. ಹಾಗೆ ತಿಳಿದವನ ಕೈಯಲ್ಲಿ ಅದೇ ವಸ್ತು ಭಾರವಾಗುವುದು. ಆ ಭಾರವು ಅವಶ್ಯಕ.

ಆದುದರಿಂದ ಇಂಥ ವಸ್ತುವನ್ನು ಸರ್ವಥಾ ವರ್ಜ್ಯವೆಂದು ನಾವು ಹೇಳೆವು. ಮಗನು ಕೇಳಿದರೆ ಹಿರಿಯರು ಹೀಗೆ ಹೇಳಬಹುದು: “ನಿನಗೆ ರೂಪ ಬೇಕೆ, ಶಕ್ತಿ ಬೇಕೆ ಎಂಬುದನ್ನು ಮೊದಲು ನಿನ್ನಲ್ಲಿಯೇ ಕೇಳಿಕೊ. ರೂಪ ಮಾತ್ರ ಬೇಕಾದರೆ ಈಡು ಹಾರದ ಪ್ರತಿಕೃತಿಯನ್ನು ಕೊಂಡು ಗೋಡೆಗೆ ಸಿಕ್ಕಿಸು. ಅದು ಚಿತ್ರದ ಕುದುರೆ, ನಮಗೆ ಭಯವಿಲ್ಲ. ಶಕ್ತಿಯೂ ಬೇಕೆಂದರೆ ಹಿತ್ತಾಳೆಯ ಹೊಳಪನ್ನು ಬಿಟ್ಟು ಉಕ್ಕಿನ ಗಟ್ಟಿತನವನ್ನು ಆರಿಸಿಕೊ. ನಿನ್ನ ಕೈಯನ್ನು ತಿದ್ದಿಕೊಂಡು ಆಮೇಲೆ ಕೀಲನ್ನು ತಿದ್ದು. ಒಂದು ಗೂಡನ್ನು ಯಾವಾಗಲೂ ಬರಿದಾಗಿ ಬಿಡು. ಮತ್ತು ಅದು ನಿನ್ನ ಮನೆಯಲ್ಲಿರುವಷ್ಟು ದಿನವೂ, ಹಣ್ಣು ಗೆಡ್ಡೆ ತರಲು ಹೋದ ಆ ತಪಸ್ವಿಯನ್ನು ಮರೆಯಬೇಡ.”